‘ಎಂಬ’ ಹಿಡಿದರೆ ‘ದಟ್’ ಸಿಗುತ್ತದೆ

2008ರ ಜೂನ್ ತಿಂಗಳು. ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಹತ್ತಿರ ಅಡಿಕೆ ಹಾಳೆಯ ತಟ್ಟೆ ಮಾಡುವ ಒಂದು ಸಣ್ಣ ಘಟಕದಲ್ಲಿ ನಾನು ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಬಿಲ್ಲು, ಲೆಕ್ಕ, ಜೊತೆಗೆ ಜರ್ಮನಿಯ ಗಿರಾಕಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆಯುವ ಕೆಲಸ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಆದರೂ ಆ ಘಟಕದಲ್ಲಿ ನನ್ನ ಇಂಗ್ಲಿಷೇ ಜಾಸ್ತಿ ಇತ್ತು, ಹಾಗಾಗಿ ಆ ಕೆಲಸ ನನ್ನ ತಲೆಗೆ ಬಂತು.

ಆ ವರ್ಷ ಮಳೆ ಬೇಗ ಹಿಡಿಯಿತು. ಹಾಳೆ ಒಣಗಲಿಲ್ಲ, ಒಂದಷ್ಟು ತಟ್ಟೆಗೆ ಬೂಷ್ಟು ಬಂತು. ಸರಕು ತಡವಾಗುವ ಸಾಧ್ಯತೆ ಇದೆ ಅಂತ ಗಿರಾಕಿಗೆ ಮೊದಲೇ ತಿಳಿಸೋಣ ಅಂದುಕೊಂಡೆ. ಬರೆದದ್ದು ಹೀಗೆ: ‘ದೇರ್ ಈಸ್ ಎ ಪಾಸಿಬಿಲಿಟಿ ಟು ಡಿಲೇ ದ ಶಿಪ್‌ಮೆಂಟ್.’

ಮರುದಿನವೇ ಉತ್ತರ ಬಂತು. ತುಂಬಾ ಮರ್ಯಾದೆಯ ಉತ್ತರ. ತಡಮಾಡುವ ಅನುಕೂಲ ಇದೆ ಅಂತ ತಿಳಿಸಿದ್ದಕ್ಕೆ ಥ್ಯಾಂಕ್ಸ್, ಆದರೆ ನಮಗೆ ಅದು ಬೇಡ, ಹೇಳಿದ ದಿನಕ್ಕೇ ಕಳಿಸಿ!

ನಾನು ಹೇಳಿದ್ದು ‘ತಡವಾಗಬಹುದು’. ಅವರಿಗೆ ಕೇಳಿಸಿದ್ದು ‘ಬೇಕಿದ್ದರೆ ತಡ ಮಾಡಿಕೊಡುತ್ತೇವೆ’. ಮಾಲೀಕರು ಆ ಮೇಲ್‌ನ ಪ್ರಿಂಟ್ ಹಿಡಿದುಕೊಂಡು ಬಂದು, “ಏನಮ್ಮಾ ಬರೆದೆ ನೀನು?” ಅಂದರು. ಏನು ತಪ್ಪಾಗಿದೆ ಅಂತ ನನಗೂ ಗೊತ್ತಿರಲಿಲ್ಲ. ಸ್ಪೆಲಿಂಗ್ ಎಲ್ಲ ಸರಿಯೇ ಇತ್ತಲ್ಲ.

ತಪ್ಪು ಇದ್ದದ್ದು ‘ಪಾಸಿಬಿಲಿಟಿ’ ಆದ ಮೇಲೆ. ಅಲ್ಲಿ ‘ಟು’ ಅಲ್ಲ, ‘ದಟ್’ ಬರಬೇಕಿತ್ತು. ದಟ್‌ನ ಹಿಂದೆ ಒಂದು ಪೂರ್ತಿ ವಾಕ್ಯ, ಆ ವಾಕ್ಯದೊಳಗೆ ಒಂದು ‘ಮೇ’. ‘ದೇರ್ ಈಸ್ ಎ ಪಾಸಿಬಿಲಿಟಿ ದಟ್ ದ ಶಿಪ್‌ಮೆಂಟ್ ಮೇ ಬಿ ಡಿಲೇಯ್ಡ್.’ ಇಷ್ಟು ಅರ್ಥವಾಗಲು ನನಗೆ ಒಂದು ವರ್ಷ ಬೇಕಾಯಿತು. ಈಗ ಭಾನುವಾರ ನನ್ನ ತಂಗಿಯ ಮಗನಿಗೆ, ಪಕ್ಕದ ಮನೆಯ ಇಬ್ಬರು ಮಕ್ಕಳಿಗೆ ಇದನ್ನೇ ಹೇಳಿಕೊಡುತ್ತೇನೆ. ಅವರಿಗೆ ಹೇಳುವ ಹಾಗೇ ಇಲ್ಲೂ ಬರೆಯುತ್ತೇನೆ.

ಚಿಪ್ಪು ಮತ್ತು ತಿರುಳು

ಭಯ, ನಂಬಿಕೆ, ಸುದ್ದಿ, ಅನುಮಾನ, ಸಾಧ್ಯತೆ, ಷರತ್ತು. ಇವು ಕೈಯಲ್ಲಿ ಹಿಡಿಯಲು ಸಿಗುವ ವಸ್ತುಗಳಲ್ಲ. ‘ನನಗೊಂದು ಭಯ’ ಅಂದರೆ ಎದುರಿಗಿದ್ದವರು ಸುಮ್ಮನಿರುವುದಿಲ್ಲ. ಏನು ಭಯ ಅಂತ ಕೇಳುತ್ತಾರೆ. ಪದ ಇದೆ, ಒಳಗೆ ಏನೂ ಇಲ್ಲ. ಭಾಷಾಶಾಸ್ತ್ರದವರು ಇಂಥ ಪದಗಳನ್ನು ‘ಶೆಲ್ ನೌನ್’ ಅನ್ನುತ್ತಾರೆ. ಶೆಲ್ ಅಂದರೆ ಚಿಪ್ಪು. ನಾನು ಮಕ್ಕಳಿಗೆ ಕೊಟ್ಟೆ ಕಡುಬು ಅನ್ನುತ್ತೇನೆ. ಹಲಸಿನ ಎಲೆಯ ಕೊಟ್ಟೆ ಮಾತ್ರ ಕೊಟ್ಟರೆ ಯಾರು ತಿನ್ನುತ್ತಾರೆ? ಒಳಗೆ ಹಿಟ್ಟು ಹೊಯ್ಯಬೇಕು.

ಕನ್ನಡದಲ್ಲಿ ಆ ಹಿಟ್ಟನ್ನು ಹೊಯ್ಯುವ ಸೌಟು ‘ಎಂಬ’. ‘ಮಳೆ ಬರುತ್ತದೆ ಎಂಬ ಭಯ.’ ‘ಬೆಲೆ ಏರಿದೆ ಎಂಬ ಸುದ್ದಿ.’ ಮಾತಿನಲ್ಲಿ ಅದು ‘ಅನ್ನೋ’ ಆಗುತ್ತದೆ. ‘ಬೆಲೆ ಏರಿದೆ ಅನ್ನೋ ಸುದ್ದಿ.’ ‘ಎಂಬ’ ಹುಟ್ಟಿದ್ದು ‘ಎನ್’ ಅನ್ನುವ ಕ್ರಿಯಾಪದದಿಂದ, ಅಂದರೆ ‘ಹೇಳು’ ಅನ್ನುವ ಅರ್ಥದ ಪದದಿಂದ. ಭಯ ನಮ್ಮ ಕಿವಿಯಲ್ಲಿ ‘ಮಳೆ ಬರುತ್ತದೆ’ ಅಂತ ಹೇಳುತ್ತಿದೆ. ನನಗೆ ಇದು ಬಲು ಇಷ್ಟ.

ಇಂಗ್ಲಿಷಿನಲ್ಲಿ ಈ ಕೆಲಸ ಮಾಡುವುದು ‘ದಟ್’. ಸಾಲು ಮಾತ್ರ ತಿರುಗಾಮುರುಗಾ. ನಮ್ಮಲ್ಲಿ ತಿರುಳು ಮೊದಲು, ಆಮೇಲೆ ‘ಎಂಬ’, ಕೊನೆಗೆ ಚಿಪ್ಪು. ಅವರಲ್ಲಿ ಚಿಪ್ಪು ಮೊದಲು, ಆಮೇಲೆ ‘ದಟ್’, ಕೊನೆಗೆ ತಿರುಳು. ‘ಬೆಲೆ ಏರಿದೆ / ಎಂಬ / ಸುದ್ದಿ’ ಅನ್ನುವುದನ್ನು ಬಲದಿಂದ ಎಡಕ್ಕೆ ಓದಿ. ‘ದ ನ್ಯೂಸ್ / ದಟ್ / ದ ಪ್ರೈಸ್ ಹ್ಯಾಸ್ ಗಾನ್ ಅಪ್.’ ಸಿಕ್ಕಿತಲ್ಲ. ವಾಕ್ಯ ಎಷ್ಟೇ ಉದ್ದ ಇರಲಿ, ಮೊದಲು ಕನ್ನಡದಲ್ಲಿ ‘ಎಂಬ’ ಎಲ್ಲಿದೆ ಅಂತ ಹುಡುಕಿ, ಅದರ ಬಲಕ್ಕಿರುವ ಪದವನ್ನು ಇಂಗ್ಲಿಷಿನಲ್ಲಿ ಮುಂದೆ ತನ್ನಿ. ಅಷ್ಟೇ ಉಪಾಯ. ಉಳಿದದ್ದೆಲ್ಲ ಈ ಉಪಾಯ ಎಲ್ಲಿ ಕೈಕೊಡುತ್ತದೆ, ಎಲ್ಲಿ ಕೈಹಿಡಿಯುತ್ತದೆ ಅನ್ನುವುದರ ಕತೆ.

‘ಎಂಬ’ ಕೂರದ ಜಾಗ

ಮೊದಲು ಸುಲಭದ್ದು. ‘ಮಾತಾಡುವ ಸಾಮರ್ಥ್ಯ’ ಅನ್ನುತ್ತೇವೆ. ‘ಮಾತಾಡಬಹುದು ಎಂಬ ಸಾಮರ್ಥ್ಯ’ ಅಂತ ಯಾರೂ ಅನ್ನುವುದಿಲ್ಲ, ಕಿವಿಗೇ ಗೊತ್ತಾಗುತ್ತದೆ. ಹಾಗಾದರೆ ಇಂಗ್ಲಿಷಿನಲ್ಲೂ ದಟ್ ಬೇಡ. ‘ದಿ ಎಬಿಲಿಟಿ ಟು ಸ್ಪೀಕ್.’ ಹಾಗೇ ಹೋಗಲು ಅನುಮತಿ, ಓದುವ ಅವಕಾಶ, ಏರುವ ಪ್ರಯತ್ನ. ‘ಪರ್ಮಿಷನ್ ಟು ಗೋ’, ‘ಆನ್ ಆಪರ್ಚುನಿಟಿ ಟು ಸ್ಟಡಿ’, ‘ಆನ್ ಅಟೆಂಪ್ಟ್ ಟು ಕ್ಲೈಂಬ್’. ಕೆಲಸಕ್ಕೆ ಹಾಕುವ ಅರ್ಜಿಯಲ್ಲಿ ‘ಐ ಹ್ಯಾವ್ ದಿ ಎಬಿಲಿಟಿ ದಟ್ ಐ ಕ್ಯಾನ್’ ಅಂತ ಬರೆದವರನ್ನು ನಾನು ನೋಡಿದ್ದೇನೆ. ನಾನೇ ಬರೆದಿದ್ದೇನೆ ಕೂಡ. ಎಬಿಲಿಟಿ ಅಂದ ಮೇಲೆ ಮತ್ತೆ ಕ್ಯಾನ್ ಯಾಕೆ? ಆ ಪದದ ಹೊಟ್ಟೆಯಲ್ಲೇ ಕ್ಯಾನ್ ಇದೆ.

ಈಗ ನಾನು ಬಿದ್ದ ಗುಂಡಿ. ‘ತಡವಾಗುವ ಸಾಧ್ಯತೆ’, ‘ಮಳೆ ಬರುವ ಚಾನ್ಸ್’, ‘ಮುರಿಯುವ ಅಪಾಯ’. ಇಲ್ಲೂ ‘ಎಂಬ’ ಇಲ್ಲ, ‘ಉವ’ ಇದೆ. ‘ಮಾತಾಡುವ ಸಾಮರ್ಥ್ಯ’ದ ಹಾಗೇ ಕಾಣುತ್ತದೆ. ಅದಕ್ಕೇ ನಾನು ‘ಟು’ ಹಾಕಿದ್ದು. ಪರೀಕ್ಷೆ ಏನಪ್ಪಾ ಅಂದರೆ, ‘ಎಂಬ’ ಇದೆಯಾ ಅಂತ ನೋಡಿದರೆ ಸಾಲದು. ಹಾಕಿದರೆ ಕೂರುತ್ತದಾ ಅಂತ ನೋಡಬೇಕು. ‘ತಡವಾಗಬಹುದು ಎಂಬ ಸಾಧ್ಯತೆ’ ಸ್ವಲ್ಪ ಭಾರ, ಆದರೆ ತಪ್ಪಲ್ಲ. ‘ಮಾತಾಡಬಹುದು ಎಂಬ ಸಾಮರ್ಥ್ಯ’ ತಪ್ಪೇ. ಕೂತರೆ ದಟ್, ಕೂರದಿದ್ದರೆ ಟು.

‘ಚಾನ್ಸ್’ ಅನ್ನುವುದು ಎರಡೂ ಕಡೆ ಕಾಲಿಟ್ಟಿರುವ ಪದ. ಅವಕಾಶ ಅನ್ನುವ ಅರ್ಥ ಇದ್ದರೆ ‘ಎ ಚಾನ್ಸ್ ಟು ವಿನ್’. ಸಂಭವ ಅನ್ನುವ ಅರ್ಥ ಇದ್ದರೆ ‘ಎ ಚಾನ್ಸ್ ದಟ್ ಇಟ್ ವಿಲ್ ರೇನ್’. ಇನ್ನು ನಮ್ಮ ಕಡೆಯ ‘ರೇನ್ ಚಾನ್ಸಸ್ ಆರ್ ದೇರ್’ ಇದೆಯಲ್ಲ, ಅದು ಕನ್ನಡಕ್ಕೆ ಇಂಗ್ಲಿಷ್ ಅಂಗಿ ಹಾಕಿದ್ದು. ಊರೊಳಗೆ ಓಡಾಡಲು ತೊಂದರೆ ಇಲ್ಲ. ಗಿರಾಕಿಯ ಮೇಲ್‌ನಲ್ಲಿ ಬೇಡ.

ಇನ್ನೊಂದು ಗುಂಡಿ ಹೆಚ್ಚು ಆಳ. ‘ಅವನು ಹೇಳಿದ ಸುದ್ದಿ’ ಮತ್ತು ‘ಅವನು ಗೆದ್ದ ಸುದ್ದಿ’. ನೋಡಲು ಅವಳಿ ಜವಳಿ. ಇಂಗ್ಲಿಷಿನಲ್ಲೂ ಎರಡಕ್ಕೂ ದಟ್ ಬರುತ್ತದೆ. ‘ದ ನ್ಯೂಸ್ ದಟ್ ಹೀ ಟೋಲ್ಡ್ ಅಸ್’, ‘ದ ನ್ಯೂಸ್ ದಟ್ ಹೀ ಹ್ಯಾಡ್ ವನ್’. ಆದರೆ ಎರಡು ದಟ್ ಬೇರೆ ಬೇರೆ. ಮೊದಲನೆಯದರಲ್ಲಿ ದಟ್ ತೆಗೆದು ‘ವಿಚ್’ ಹಾಕಬಹುದು, ಏನೂ ಹಾಕದೆ ಬಿಡಲೂಬಹುದು. ಎರಡನೆಯದರಲ್ಲಿ ವಿಚ್ ಹಾಕಿದರೆ ವಾಕ್ಯ ಸತ್ತೇ ಹೋಗುತ್ತದೆ. ನಮಗೆ ಪರೀಕ್ಷೆ ಮತ್ತೆ ಅದೇ. ‘ಅವನು ಗೆದ್ದ ಎಂಬ ಸುದ್ದಿ’ ಅಂದರೆ ಅರ್ಥ ಅಲುಗಾಡುವುದಿಲ್ಲ. ‘ಅವನು ಹೇಳಿದ ಎಂಬ ಸುದ್ದಿ’ ಅಂದರೆ ಅರ್ಥವೇ ಬೇರೆಯಾಗುತ್ತದೆ. ‘ಎಂಬ’ ಹಾಕಿದರೂ ಅರ್ಥ ಹಾಗೇ ನಿಂತರೆ, ಅಲ್ಲಿ ದಟ್ ಒಂದೇ ದಾರಿ, ವಿಚ್ ಮುಟ್ಟಬೇಡಿ. ಅಂಥ ದಟ್ ಅನ್ನು ಬರವಣಿಗೆಯಲ್ಲಿ ಬಿಡಲೂಬೇಡಿ. ಮಾತಿನಲ್ಲಿ ‘ದ ಫ್ಯಾಕ್ಟ್ ಹೀ ಲೆಫ್ಟ್’ ಅಂತ ನುಂಗುವವರಿದ್ದಾರೆ, ನುಂಗಲಿ.

ಪ್ರಶ್ನೆ ಒಳಗಿದ್ದರೂ ನಾವು ‘ಎಂಬ’ ಹಾಕುತ್ತೇವೆ. ‘ಬರುತ್ತಾನೋ ಇಲ್ಲವೋ ಎಂಬ ಅನುಮಾನ’, ‘ಏಕೆ ಹೋದ ಎಂಬ ಪ್ರಶ್ನೆ’. ಇಂಗ್ಲಿಷ್ ಇದಕ್ಕೆ ಒಪ್ಪುವುದಿಲ್ಲ. ಒಳಗೆ ಓ, ಆ, ಏಕೆ, ಯಾವಾಗ ಕಂಡರೆ ದಟ್ ಹೊರಗೆ ನಿಲ್ಲಬೇಕು. ‘ದ ಕ್ವೆಶ್ಚನ್ ಆಫ್ ವೈ ಹೀ ಲೆಫ್ಟ್.’ ‘ಡೌಟ್ ಅಬೌಟ್ ವೆದರ್ ಹೀ ವಿಲ್ ಕಮ್.’ ‘ದಟ್ ವೆದರ್’ ಅಂತ ಎರಡನ್ನೂ ಸೇರಿಸಿ ಬರೆಯುವುದು ನಮ್ಮಲ್ಲಿ ತುಂಬಾ ಇದೆ. ‘ಎಂಬ’ವನ್ನು ಬಿಡಲು ಮನಸ್ಸಾಗದೆ ಹಾಗಾಗುತ್ತದೆ ಅಂತ ನನ್ನ ಊಹೆ.

‘ಬಹುದು’ ಅನ್ನುವ ದೊಡ್ಡ ಚೀಲ

ಈಗ ನಿಜವಾದ ಕಷ್ಟ. ತಿರುಳಿನ ಒಳಗೆ ಯಾವ ಸಹಾಯಕ ಕ್ರಿಯಾಪದ ಹಾಕಬೇಕು? ಮೇ, ಮೈಟ್, ಕ್ಯಾನ್, ಕುಡ್, ವಿಲ್, ವುಡ್, ಶುಡ್, ಮಸ್ಟ್. ಇಂಗ್ಲಿಷಿನವರು ಇವಕ್ಕೆ ಮೋಡಲ್ ಅನ್ನುತ್ತಾರೆ. ನಮ್ಮ ಹತ್ತಿರ ಇರುವುದು ಮುಖ್ಯವಾಗಿ ಎರಡು ಚೀಲ. ಬಹುದು ಮತ್ತು ಬೇಕು. ಅವರ ಅಂಗಡಿಯ ಎಂಟು ಡಬ್ಬಿಯ ಸಾಮಾನನ್ನು ನಾವು ಎರಡು ಚೀಲದಲ್ಲಿ ಹೊತ್ತುಕೊಂಡು ಓಡಾಡುತ್ತೇವೆ. ವಾಪಸ್ ಡಬ್ಬಿಗೆ ತುಂಬುವಾಗ ಬೆರಕೆ ಆಗುತ್ತದೆ.

‘ಅವನು ಬರಬಹುದು’ ಅಂದರೆ ಏನು? ಬರುವ ಸಂಭವ ಇದೆ ಅಂತಲೂ ಆಗುತ್ತದೆ, ಬರಲು ನಮ್ಮ ಅಡ್ಡಿ ಇಲ್ಲ ಅಂತಲೂ ಆಗುತ್ತದೆ. ಮುಂದಿರುವ ಚಿಪ್ಪಿನ ಪದ ನೋಡಿದರೆ ಈ ಗೊಂದಲ ಇರುವುದಿಲ್ಲ. ಹಾಗಾಗಿ ಕ್ರಿಯಾಪದ ಆರಿಸುವ ಮೊದಲು ಚಿಪ್ಪನ್ನು ಕೇಳಿ. ಮಕ್ಕಳಿಗೆ ನಾನು ಹೇಳುವುದು ಇದೇ. ಚಿಪ್ಪು ಗಟ್ಟಿ ಇದ್ದರೆ ತಿರುಳೂ ಗಟ್ಟಿ ಇರಬೇಕು.

ಪಾಸಿಬಿಲಿಟಿ ಬಂದರೆ ಮೇ, ಮೈಟ್, ಕುಡ್, ವಿಲ್ ಯಾವುದಾದರೂ ನಡೆಯುತ್ತದೆ. ‘ಪಾಸಿಬಿಲಿಟಿ ದಟ್ ಇಟ್ ಮೇ’ ಅನ್ನುವುದರಲ್ಲಿ ಒಂದೇ ಮಾತು ಎರಡು ಸಲ ಬಂತು ಅಂತ ಕೆಲವರು ಮೂಗು ಮುರಿಯುತ್ತಾರೆ. ಇರಲಿ ಬಿಡಿ. ನಾವು ‘ಬಹುಶಃ ಬರಬಹುದು’ ಅನ್ನುವುದಿಲ್ಲವಾ? ರಿಸ್ಕ್, ಡೇಂಜರ್, ಚಾನ್ಸ್ ಬಂದಾಗ ನಾನು ಜಾಸ್ತಿ ಬಳಸುವುದು ವಿಲ್. ‘ದೇರ್ ಈಸ್ ಎ ರಿಸ್ಕ್ ದಟ್ ದ ರೋಡ್ ವಿಲ್ ಬಿ ಕ್ಲೋಸ್ಡ್.’ ಇದು ಮೊದಮೊದಲು ನನಗೆ ವಿಚಿತ್ರ ಅನ್ನಿಸಿತ್ತು. ರಸ್ತೆ ಮುಚ್ಚುತ್ತದೆ ಅಂತ ಖಚಿತ ಇಲ್ಲದಿದ್ದರೂ ವಿಲ್ ಹೇಗೆ? ಅನುಮಾನದ ಭಾರವನ್ನೆಲ್ಲ ರಿಸ್ಕ್ ಅನ್ನುವ ಪದವೇ ಹೊತ್ತುಕೊಂಡಿದೆ. ತಿರುಳು ಸುಮ್ನೆ ಮುಂದೆ ಆಗುವ ಸಂಗತಿಯನ್ನು ಹೇಳಿದರೆ ಸಾಕು. ‘ಹುಲಿಕಲ್ ಘಾಟಿಯಲ್ಲಿ ಗುಡ್ಡ ಕುಸಿಯುತ್ತದೆ ಎಂಬ ಭಯ’ ಅಂದಾಗ ನಾವೂ ‘ಕುಸಿಯುತ್ತದೆ’ ಅಂತಲೇ ಅನ್ನುತ್ತೇವೆ. ಭಯ ಅನ್ನುವ ಪದ ಇರುವುದರಿಂದ ಯಾರೂ ಅದನ್ನು ಭವಿಷ್ಯ ನುಡಿದ ಹಾಗೆ ತಿಳಿಯುವುದಿಲ್ಲ.

ಗಟ್ಟಿ ಚಿಪ್ಪಿಗೆ ಮೆತ್ತನೆ ತಿರುಳು ಹಾಕುವುದು ದೊಡ್ಡ ತಪ್ಪು. ಅಷ್ಯೂರೆನ್ಸ್, ಗ್ಯಾರಂಟಿ, ಪ್ರಾಮಿಸ್, ಸರ್ಟನ್‌ಟಿ. ಇವುಗಳ ಹಿಂದೆ ಮೇ ಅಥವಾ ಮೈಟ್ ಬರಲೇಬಾರದು. ‘ವಿ ಗಿವ್ ಆನ್ ಅಷ್ಯೂರೆನ್ಸ್ ದಟ್ ದ ಗೂಡ್ಸ್ ಮೇ ರೀಚ್ ಬೈ ಫ್ರೈಡೇ’ ಅಂತ ನಾನು ಒಮ್ಮೆ ಬರೆದಿದ್ದೆ. ಮರ್ಯಾದೆಯಾಗಿ ಕಾಣಲಿ ಅಂತ ಮೇ ಹಾಕಿದ್ದು. ಅದರ ಅರ್ಥ ‘ಖಂಡಿತಾ ಮಾತು ಕೊಡುತ್ತೇನೆ, ಬಂದರೂ ಬರಬಹುದು’ ಅಂತ. ಮಾತು ಕೊಟ್ಟ ಮೇಲೆ ವಿಲ್. ಕೊಡಲು ಧೈರ್ಯ ಇಲ್ಲದಿದ್ದರೆ ಚಿಪ್ಪನ್ನೇ ಬದಲಾಯಿಸಿ, ಅಷ್ಯೂರೆನ್ಸ್ ತೆಗೆದು ‘ಹೋಪ್’ ಹಾಕಿ. ‘ನೋ ಡೌಟ್ ದಟ್ ಹೀ ಮೈಟ್ ಕಮ್’ ಕೂಡ ಇದೇ ಜಾತಿಯದು. ಸಂಶಯವೇ ಇಲ್ಲ ಅಂದ ಮೇಲೆ ಮೈಟ್ ಎಲ್ಲಿಂದ ಬಂತು?

ಹೋಪ್ ಅಂದೆನಲ್ಲ. ಅದರ ಜೊತೆ ನಮ್ಮವರ ‘ವುಡ್’ ಪ್ರೀತಿ ಹೇಳತೀರದು. ‘ಐ ರೈಟ್ ಇನ್ ದ ಹೋಪ್ ದಟ್ ಯು ವುಡ್ ರಿಪ್ಲೈ.’ ವುಡ್ ಹಾಕಿದರೆ ವಿನಯ ಅಂತ ಎಲ್ಲೋ ಕಲಿತುಬಿಟ್ಟಿದ್ದೇವೆ. ‘ವುಡ್ ಯು ಪ್ಲೀಸ್’ ಅಂತ ಕೇಳುವಾಗ ಅದು ವಿನಯವೇ, ಒಪ್ಪಿದೆ. ಇಲ್ಲಿ ಹಾಗಲ್ಲ. ಈಗ ಬರೆಯುತ್ತಿದ್ದರೆ ‘ವಿಲ್’. ಹಿಂದೆ ಬರೆದದ್ದನ್ನು ಈಗ ಹೇಳುತ್ತಿದ್ದರೆ ಮಾತ್ರ ವುಡ್. ‘ಐ ರೋಟ್ ಇನ್ ದ ಹೋಪ್ ದಟ್ ಯು ವುಡ್ ರಿಪ್ಲೈ.’ ಮುಖ್ಯ ಕ್ರಿಯಾಪದ ಹಿಂದಿನ ಕಾಲಕ್ಕೆ ಹೋದರೆ ತಿರುಳೂ ಅದರ ಜೊತೆ ಒಂದು ಹೆಜ್ಜೆ ಹಿಂದೆ ಹೋಗುತ್ತದೆ. ವಿಲ್ ಇದ್ದದ್ದು ವುಡ್, ಕ್ಯಾನ್ ಇದ್ದದ್ದು ಕುಡ್, ಮೇ ಇದ್ದದ್ದು ಮೈಟ್. ಕನ್ನಡದಲ್ಲಿ ಈ ಹೆಜ್ಜೆ ಇಲ್ಲ. ‘ನೀವು ಉತ್ತರ ಕೊಡುತ್ತೀರಿ ಎಂಬ ಆಸೆಯಿಂದ ಬರೆದೆ’ ಅಂದರೆ ‘ಬರೆದೆ’ ಹಿಂದಿನದು, ‘ಕೊಡುತ್ತೀರಿ’ ಅಲ್ಲೇ ನಿಂತಿದೆ. ಅದಕ್ಕೇ ನಾವು ಇದನ್ನು ಮರೆಯುವುದು.

‘ಬೇಕು’ ಅನ್ನುವ ಇನ್ನೂ ದೊಡ್ಡ ಚೀಲ

‘ಬೇಕು’ ಬಹುದುಗಿಂತ ತಂಟೆಕೋರ. ಮೂರು ವಾಕ್ಯ ನೋಡಿ. ‘ಅವನು ಹೋಗಬೇಕು ಎಂಬ ಒತ್ತಾಯ.’ ‘ಊರಿಗೆ ಹೋಗಬೇಕು ಎಂಬ ಆಸೆ.’ ‘ಅವನು ಹೋಗಿರಬೇಕು ಎಂಬ ಊಹೆ.’ ಮೂರರಲ್ಲೂ ಬೇಕು, ಮೂರರಲ್ಲೂ ಎಂಬ. ಇಂಗ್ಲಿಷಿನಲ್ಲಿ ಮೂರೂ ಬೇರೆ.

ಆಸೆಯದನ್ನು ಮೊದಲು ಮುಗಿಸೋಣ. ಆಸೆ ಯಾರದೋ, ಹೋಗುವವರೂ ಅವರೇ. ಆಗ ‘ಎಂಬ’ ಕೂತರೂ ಟು ಸಾಕು. ‘ಮೈ ಡಿಸೈರ್ ಟು ಗೋ ಹೋಮ್.’ ತೀರ್ಮಾನವೂ ಹಾಗೇ. ‘ನಿಲ್ಲಿಸಬೇಕು ಎಂಬ ತೀರ್ಮಾನ’ ಅಂದರೆ ‘ದ ಡಿಸಿಷನ್ ಟು ಸ್ಟಾಪ್’. ಊಹೆಯದು ಕೂಡ ಸುಲಭ. ಆಗಿಹೋದದ್ದರ ಬಗ್ಗೆ ಊಹೆ ಇದ್ದರೆ ‘ಮಸ್ಟ್ ಹ್ಯಾವ್’. ‘ದ ಗೆಸ್ ದಟ್ ಹೀ ಮಸ್ಟ್ ಹ್ಯಾವ್ ಗಾನ್.’ ಇಂಥ ಊಹೆಯಲ್ಲಿ ಕನ್ನಡದ ‘ಇರಬೇಕು’ ಕಂಡರೆ ಮಸ್ಟ್ ಹ್ಯಾವ್ ಅಂತ ನೆನಪಿಟ್ಟುಕೊಳ್ಳಿ, ಬಹುತೇಕ ಸರಿ ಬರುತ್ತದೆ.

ಒತ್ತಾಯದ ಬಳಗ ಮಾತ್ರ ಬೇರೆ ಲೋಕ. ಡಿಮ್ಯಾಂಡ್, ರಿಕ್ವೆಸ್ಟ್, ಸಜೆಶನ್, ಪ್ರಪೋಸಲ್, ರೆಕಮೆಂಡೇಶನ್, ರಿಕ್ವೈರ್‌ಮೆಂಟ್, ಆರ್ಡರ್. ಇವುಗಳ ಹಿಂದೆ ದಟ್ ಬಂದಾಗ ಎರಡು ದಾರಿ. ಬ್ರಿಟಿಷರಿಗೆ ಒಗ್ಗಿದ ದಾರಿ ‘ಶುಡ್’. ‘ದ ಡಿಮ್ಯಾಂಡ್ ದಟ್ ದ ಮನಿ ಶುಡ್ ಬಿ ರಿಟರ್ನ್ಡ್.’ ಅಮೆರಿಕದವರಿಗೆ ಒಗ್ಗಿದ್ದು ಬೋಳು ಕ್ರಿಯಾಪದ. ‘ದ ಡಿಮ್ಯಾಂಡ್ ದಟ್ ದ ಮನಿ ಬಿ ರಿಟರ್ನ್ಡ್.’ ಇಲ್ಲಿ ‘ಈಸ್’ ಇಲ್ಲ, ‘ಶುಡ್’ ಇಲ್ಲ, ಬರೀ ‘ಬಿ’. ‘ದ ಸಜೆಶನ್ ದಟ್ ಹೀ ಗೋ.’ ಹೀ ಬಂದರೂ ‘ಗೋಸ್’ ಅಲ್ಲ, ‘ಗೋ’. ಬೇಡ ಅನ್ನುವುದಾದರೆ ‘ದಟ್ ಹೀ ನಾಟ್ ಗೋ’. ಶಾಲೆಯಲ್ಲಿ ಹೀ ಬಂದರೆ ‘ಎಸ್’ ಸೇರಿಸು ಅಂತ ಬೆತ್ತ ತೋರಿಸಿ ಕಲಿಸಿದ್ದರಲ್ಲ, ಆ ಬೆತ್ತ ಇಲ್ಲಿ ನಡೆಯುವುದಿಲ್ಲ. ಇದಕ್ಕೆ ಸಬ್‌ಜಂಕ್ಟಿವ್ ಅನ್ನುವ ಹೆಸರಿದೆ. ಹೆಸರು ಮರೆತರೂ ನಷ್ಟ ಇಲ್ಲ.

ಯಾವ ದಾರಿ ಹಿಡಿಯುವುದು? ನಾನು ಗಿರಾಕಿ ಯಾರು ಅಂತ ನೋಡುತ್ತೇನೆ. ಅಮೆರಿಕಕ್ಕೆ ಬರೆಯುವಾಗ ಬೋಳು ಕ್ರಿಯಾಪದ. ಬೇರೆ ಕಡೆಗೆ ಶುಡ್. ಗೊತ್ತಿಲ್ಲದಿದ್ದರೆ ಶುಡ್ ಹಾಕಿ ನಿದ್ದೆ ಮಾಡಬಹುದು, ಅದನ್ನು ಯಾರೂ ತಪ್ಪು ಅನ್ನುವುದಿಲ್ಲ. ‘ಮಸ್ಟ್’ ಹಾಕುವ ಮುನ್ನ ಯೋಚಿಸಿ. ‘ಮೈ ಸಜೆಶನ್ ಈಸ್ ದಟ್ ಯು ಮಸ್ಟ್ ಪೇ’ ಅಂದರೆ ಸಲಹೆಯ ಹೊದಿಕೆಯಲ್ಲಿ ಅಪ್ಪಣೆ ಕೊಟ್ಟ ಹಾಗೆ. ನಮ್ಮ ಬೇಕು ಎಷ್ಟು ಮೆತ್ತಗೆ ಬೇಕಾದರೂ ಇರುತ್ತದೆ. ‘ನೀವು ಒಂದ್ಸಲ ನಮ್ಮ ಮನೆಗೆ ಬರಬೇಕು’ ಅನ್ನುವುದರಲ್ಲಿ ಎಷ್ಟು ಪ್ರೀತಿ ಇದೆ! ಮಸ್ಟ್ ಹಾಗೆ ಎಲ್ಲ ಕಡೆ ಬಾಗುವುದಿಲ್ಲ.

ಈ ಬಳಗದಲ್ಲೇ ಒಂದು ಸೊಗಸಾದ ಜಾಗ ಇದೆ. ‘ಇನ್‌ಸಿಸ್ಟೆನ್ಸ್’ ಅನ್ನುವ ಪದ, ಹಟ ಅಂದುಕೊಳ್ಳಿ. ‘ಹಿಸ್ ಇನ್‌ಸಿಸ್ಟೆನ್ಸ್ ದಟ್ ಹಿಸ್ ಸನ್ ಈಸ್ ಆನೆಸ್ಟ್.’ ‘ಹಿಸ್ ಇನ್‌ಸಿಸ್ಟೆನ್ಸ್ ದಟ್ ಹಿಸ್ ಸನ್ ಬಿ ಆನೆಸ್ಟ್.’ ಒಂದು ಪದದಷ್ಟೇ ವ್ಯತ್ಯಾಸ, ಈಸ್ ಮತ್ತು ಬಿ. ಮೊದಲನೆಯ ಅಪ್ಪ ‘ನನ್ನ ಮಗ ಪ್ರಾಮಾಣಿಕ’ ಅಂತ ಊರಿಗೆಲ್ಲ ಸಾರುತ್ತಿದ್ದಾನೆ. ಎರಡನೆಯ ಅಪ್ಪ ‘ಪ್ರಾಮಾಣಿಕವಾಗಿ ಇರಬೇಕು ನೋಡು’ ಅಂತ ಮಗನ ಕಿವಿ ಹಿಂಡುತ್ತಿದ್ದಾನೆ. ಕನ್ನಡದಲ್ಲಿ ಬರೆದರೆ ಗುಟ್ಟು ಬಯಲು. ‘ಪ್ರಾಮಾಣಿಕ ಎಂಬ ಹಟ’, ‘ಪ್ರಾಮಾಣಿಕನಾಗಿರಬೇಕು ಎಂಬ ಹಟ’. ಬೇಕು ಇದ್ದ ಕಡೆ ಬಿ, ಇಲ್ಲದ ಕಡೆ ಈಸ್. ಸಜೆಶನ್‌ಗೂ ಇದೇ ಎರಡು ಮುಖ ಇದೆ. ಸಲಹೆ ಅನ್ನುವ ಅರ್ಥದಲ್ಲಿ ‘ದಟ್ ಹೀ ಪೇ’. ‘ಅವನು ದುಡ್ಡು ಕದ್ದ’ ಅಂತ ಯಾರೋ ಸೂಚಿಸಿದ್ದು ಅನ್ನುವ ಅರ್ಥದಲ್ಲಿ ‘ದ ಸಜೆಶನ್ ದಟ್ ಹೀ ಸ್ಟೋಲ್ ದ ಮನಿ’. ಎರಡನೆಯದಕ್ಕೆ ಶುಡ್ ಹಾಕಿಬಿಟ್ಟರೆ ಕದಿಯಲು ಸಲಹೆ ಕೊಟ್ಟ ಹಾಗಾಗುತ್ತದೆ, ಜೋಪಾನ.

ಷರತ್ತಿನ ‘ಕಂಡಿಷನ್’ ಅಷ್ಟು ಕಟ್ಟುನಿಟ್ಟಲ್ಲ. ‘ಆನ್ ಕಂಡಿಷನ್ ದಟ್ ದ ಬಾಕ್ಸಸ್ ಆರ್ ಕೆಪ್ಟ್ ಡ್ರೈ’, ‘ಬಿ ಕೆಪ್ಟ್ ಡ್ರೈ’, ‘ಶುಡ್ ಬಿ ಕೆಪ್ಟ್ ಡ್ರೈ’. ಮೂರೂ ಸರಿ.

‘ಫ್ಯಾಕ್ಟ್’ ಬಗ್ಗೆ ಎರಡು ಮಾತು. ಡಿಸ್ಪೈಟ್, ಬಿಕಾಸ್ ಆಫ್, ಡ್ಯೂ ಟು ಇವುಗಳ ಹಿಂದೆ ನೇರವಾಗಿ ದಟ್ ಹಾಕಲು ಬರುವುದಿಲ್ಲ. ನಡುವೆ ಒಂದು ಗೂಟ ಬೇಕು, ‘ದ ಫ್ಯಾಕ್ಟ್’ ಆ ಗೂಟ. ‘ಡಿಸ್ಪೈಟ್ ದ ಫ್ಯಾಕ್ಟ್ ದಟ್ ಇಟ್ ರೇನ್ಡ್.’ ಆದರೆ ‘ಆಲ್ದೋ ಇಟ್ ರೇನ್ಡ್’ ಅಂದರೆ ಮುಗಿಯಿತಲ್ಲ, ಗೂಟ ಯಾಕೆ ಹೊಡೆಯಬೇಕು? ನಾನು ಬರೆದಾದ ಮೇಲೆ ಫ್ಯಾಕ್ಟ್‌ಗಳನ್ನು ಎಣಿಸಿ ಅರ್ಧ ಕಿತ್ತುಹಾಕುತ್ತೇನೆ.

ಜಗಲಿಯ ಮೇಲೆ ಒಂದು ಭಾಷಣ

ಹೋದ ವರ್ಷ ತಂಗಿಯ ಮಗ ಶಾಲೆಯಲ್ಲಿ ಹೇಳಲು ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣದ ಒಂದು ತುಣುಕು ಬಾಯಿಪಾಠ ಮಾಡುತ್ತಿದ್ದ. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾಡಿದ ಭಾಷಣ. ‘ಐ ಹ್ಯಾವ್ ಎ ಡ್ರೀಮ್ ದಟ್ ಒನ್ ಡೇ ದಿಸ್ ನೇಷನ್ ವಿಲ್ ರೈಸ್ ಅಪ್...’ ನಾನು ಹಾಳೆ ಒರೆಸುತ್ತಾ ಕೂತಿದ್ದವಳು ಥಟ್ಟನೆ ತಲೆ ಎತ್ತಿದೆ. ಡ್ರೀಮ್ ಅನ್ನುವ ಚಿಪ್ಪು, ದಟ್, ವಿಲ್. ಕನಸು ಅಂದ ಮೇಲೆ ಮೇ ಅಥವಾ ವುಡ್ ಹಾಕಬಹುದಿತ್ತು. ಅವರು ವಿಲ್ ಹಾಕಿದರು. ‘ಎದ್ದು ನಿಲ್ಲಬಹುದು ಎಂಬ ಕನಸು’ ಅಲ್ಲ, ‘ಎದ್ದು ನಿಲ್ಲುತ್ತದೆ ಎಂಬ ಕನಸು’. ಕನಸು ಅನ್ನುವುದು ಮೆತ್ತನೆ ಚಿಪ್ಪು, ಆದರೂ ಒಳಗಿನ ಮಾತಿಗೆ ಅಳುಕಿಲ್ಲ. ರಿಸ್ಕ್ ಬಂದಾಗ ವಿಲ್ ಹಾಕಿದೆವಲ್ಲ, ಇಲ್ಲೂ ಹಾಗೇ, ಅನುಮಾನದ ಭಾರವೆಲ್ಲ ಕನಸು ಅನ್ನುವ ಪದದ ಮೇಲೆ.

ಕಿಂಗ್ ಅಂದು ನಿಂತು ಮಾತಾಡಿದ್ದು ಲಿಂಕನ್ ಸ್ಮಾರಕದ ಮುಂದೆ. ಅದೇ ಲಿಂಕನ್ ನೂರು ವರ್ಷ ಹಿಂದೆ, 1863ರ ನವೆಂಬರ್ 19ರಂದು ಗೆಟ್ಟಿಸ್‌ಬರ್ಗ್‌ನಲ್ಲಿ ಮಾಡಿದ ಪುಟ್ಟ ಭಾಷಣದಲ್ಲಿ ‘ದ ಪ್ರಪೊಸಿಷನ್ ದಟ್ ಆಲ್ ಮೆನ್ ಆರ್ ಕ್ರಿಯೇಟೆಡ್ ಈಕ್ವಲ್’ ಅಂದರು. ಪ್ರಪೊಸಿಷನ್ ಅಂದರೆ ಮುಂದಿಟ್ಟ ಒಂದು ಮಾತು, ಒಂದು ತತ್ವ. ಇಲ್ಲಿ ಮೋಡಲ್ ಇಲ್ಲವೇ ಇಲ್ಲ. ‘ಶುಡ್ ಬಿ ಈಕ್ವಲ್’ ಅನ್ನಲಿಲ್ಲ. ಎಲ್ಲರೂ ಸಮ ಆಗಿರಬೇಕು ಅಂತಲ್ಲ, ಸಮವಾಗಿಯೇ ಹುಟ್ಟಿದ್ದಾರೆ ಅಂತ. ‘ಬೇಕು’ ಸೇರಿಸಿದ್ದರೆ ಅದು ಬೇಡಿಕೆ ಆಗುತ್ತಿತ್ತು. ಇದನ್ನು ಹುಡುಗನಿಗೆ ಹೇಳಿದೆ. ಅವನು, “ದೊಡ್ಡಮ್ಮ, ಮೊದಲು ಪಾಠ ಒಪ್ಪಿಸುತ್ತೇನೆ, ಆಮೇಲೆ ಗ್ರಾಮರ್” ಅಂದ. ಸರಿ ಅಂದೆ.

ಮನೆಯಲ್ಲಿ ಹೀಗೆ ಮಾಡಿ

ದಿನಕ್ಕೊಂದು ಕನ್ನಡ ಪೇಪರ್ ಸಾಕು. ಒಂದು ಪುಟದಲ್ಲಿ ಎಂಬ, ಎನ್ನುವ, ಅನ್ನೋ ಎಲ್ಲಿ ಇದೆಯೋ ಅಲ್ಲೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ‘ಬೇಡಿಕೆ’, ‘ಆರೋಪ’, ‘ಭರವಸೆ’, ‘ಆತಂಕ’ ಇವು ದಂಡಿಯಾಗಿ ಸಿಗುತ್ತವೆ, ರಾಜಕೀಯದ ಪುಟದಲ್ಲಂತೂ ಕೇಳಬೇಡಿ. ಪ್ರತಿಯೊಂದರಲ್ಲೂ ಚಿಪ್ಪನ್ನು ಮುಂದೆ ತನ್ನಿ, ದಟ್ ಹಾಕಿ, ಒಳಗೆ ಬೇಕು ಇದೆಯಾ, ಬಹುದು ಇದೆಯಾ, ಎರಡೂ ಇಲ್ಲವಾ ನೋಡಿ. ‘ಮೀಸಲಾತಿ ಕೊಡಬೇಕು ಎಂಬ ಬೇಡಿಕೆ’, ಒಳಗೆ ಬೇಕು, ಆದ್ದರಿಂದ ಶುಡ್ ಅಥವಾ ಬೋಳು ಕ್ರಿಯಾಪದ. ‘ಹಣ ನುಂಗಿದ್ದಾರೆ ಎಂಬ ಆರೋಪ’, ಒಳಗೆ ಏನೂ ಇಲ್ಲ, ಮೋಡಲ್ ಬೇಡ. ‘ರಸ್ತೆ ಮಾಡಿಸುತ್ತೇವೆ ಎಂಬ ಭರವಸೆ’, ಮಾತು ಕೊಟ್ಟದ್ದು, ವಿಲ್. ಹತ್ತು ವಾಕ್ಯಕ್ಕಿಂತ ಜಾಸ್ತಿ ಮಾಡಬೇಡಿ, ಬೇಸರ ಬರುತ್ತದೆ.

ಬರೆದದ್ದನ್ನು ಗಟ್ಟಿಯಾಗಿ ಓದಿ. ಓದುವಾಗ ದಟ್ ಅನ್ನು ಒತ್ತಬೇಡಿ. ಅದು ‘ದ್ಯಾಟ್’ ಅಂತ ಕೇಳಿಸಬಾರದು, ‘ದಟ್’ ಅಂತ ಹಗುರವಾಗಿ ಜಾರಿಹೋಗಬೇಕು. ಅದರ ಹಿಂದೆ ಮುಂದೆ ಕಾಮಾ ಹಾಕುವ ಚಟ ಇದ್ದರೆ ಬಿಡಿ.

2009ರ ಜೂನ್‌ನಲ್ಲೂ ಮಳೆ ಬಂತು, ಹಾಳೆ ಒಣಗಲಿಲ್ಲ, ಮತ್ತೆ ಅದೇ ಗಿರಾಕಿಗೆ ಬರೆಯಬೇಕಾಯಿತು. ಆ ಸಲ ನಾನು ಬರೆದ ಮೇಲ್ ಇದು, ಮೂರೇ ವಾಕ್ಯ. ‘ದೇರ್ ಈಸ್ ಎ ರಿಸ್ಕ್ ದಟ್ ದ ಶಿಪ್‌ಮೆಂಟ್ ವಿಲ್ ಬಿ ಡಿಲೇಯ್ಡ್ ಬೈ ದ ರೇನ್ಸ್. ಅವರ್ ಸಜೆಶನ್ ಈಸ್ ದಟ್ ದ ಸೆಕೆಂಡ್ ಲಾಟ್ ಶುಡ್ ಬಿ ಸೆಂಟ್ ಇನ್ ಅಕ್ಟೋಬರ್. ಯು ಹ್ಯಾವ್ ಅವರ್ ಅಷ್ಯೂರೆನ್ಸ್ ದಟ್ ದ ಫಸ್ಟ್ ಲಾಟ್ ವಿಲ್ ರೀಚ್ ಯು ಆನ್ ಟೈಮ್.’ ಎರಡನೆಯ ವಾಕ್ಯದ ಶುಡ್ ಅನ್ನು ಮೂರು ಸಲ ಅಳಿಸಿ ಮೂರು ಸಲ ಬರೆದೆ. ಸಂಜೆಯೇ ಉತ್ತರ ಬಂತು. ಅಕ್ಟೋಬರ್ ಆಗಬಹುದು ಅಂದಿದ್ದರು. ಮಾಲೀಕರಿಗೆ ಓದಿ ಹೇಳಿದೆ. ಅವರು ತಟ್ಟೆ ಎಣಿಸುವುದನ್ನು ನಿಲ್ಲಿಸದೆ, “ಹ್ಞೂಂ, ಸರಿ” ಅಂದರು.